ವಿಡಾಲ್ ಪಾಸಿಟಿವ್ ಬಂದರೆ ಟೈಫಾಯ್ಡ್ ಎಂದೇ ಬರೆಯಬೇಕೇ?

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಜ್ವರದಿಂದ ಬರುವ ಅನೇಕರ ಕೈಯಲ್ಲಿ ಹೊರಗಿನ ಲ್ಯಾಬಿನಲ್ಲಿ ಟೈಫಾಯ್ಡಿಗೆಂದು ಮಾಡಿಸಿದ ವಿಡಾಲ್ ರಕ್ತಪರೀಕ್ಷೆಯ ವರದಿ ಇರುತ್ತದೆ. ಪಠ್ಯಪುಸ್ತಕ ಅದನ್ನು ನಂಬಬೇಡ ಎನ್ನುತ್ತದೆ. ಊರಿನಲ್ಲಿ ಅದನ್ನೇ ನೋಡಿ ಚಿಕಿತ್ಸೆ ಕೊಡುತ್ತಾರೆ. ಯಾವುದನ್ನು ನಂಬಲಿ, ಏನನ್ನು ಓದಲಿ?

ಉತ್ತರ: ಒಂದೇ ವಿಡಾಲ್ ವರದಿ ನೋಡಿ ಟೈಫಾಯ್ಡ್ ಎಂದು ಬರೆಯಬೇಡಿ. 1896ರಲ್ಲಿ ಫರ್ನಾಂಡ್ ವಿಡಾಲ್ ವಿವರಿಸಿದ ಈ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹದಲ್ಲಿ ಹುಟ್ಟಿದ ಪ್ರತಿಕಾಯವನ್ನು ಅಳೆಯುತ್ತದೆ. ಹಿಂದೆಂದೋ ಟೈಫಾಯ್ಡ್ ಬಂದು ಹೋಗಿದ್ದರೂ, ಕೆಲವೊಮ್ಮೆ ಮಲೇರಿಯಾ ಇದ್ದರೂ ಅಂಕಿ ಹೆಚ್ಚಿರುತ್ತದೆ. ನಿಜವಾದ ಟೈಫಾಯ್ಡಿನ ಮೊದಲ ವಾರದಲ್ಲಿ ಅದು ಏರದೆಯೂ ಇರಬಹುದು. ಏಳರಿಂದ ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷಿಸಿದಾಗ ನಾಲ್ಕು ಪಟ್ಟು ಏರಿದ್ದರೆ ಅದಕ್ಕೆ ಬೆಲೆ. ಅಷ್ಟರಲ್ಲಿ ರೋಗಿ ಊರು ಸೇರಿರುತ್ತಾನೆ! ‘ಸ್ವಲ್ಪ ಟೈಫಾಯ್ಡ್ ಇದೆಯಂತೆ’ ಎಂಬ ವಿಚಿತ್ರ ರೋಗನಿರ್ಣಯಕ್ಕೆ ಈ ಅಂಕಿಯೇ ಕಾರಣವೆಂದು ನನ್ನ ಗುಮಾನಿ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಜ್ವರದ 100 ಜನರಲ್ಲಿ 10 ಮಂದಿಗೆ ಟೈಫಾಯ್ಡ್ ಇದೆ. ಪರೀಕ್ಷೆ ಅವರಲ್ಲಿ 7 ಮಂದಿಯನ್ನು ಹಿಡಿಯಿತು. ಉಳಿದ 90 ಜನರಲ್ಲಿ 18 ಮಂದಿಗೆ ಸುಳ್ಳೇ ಪಾಸಿಟಿವ್ ಬಂತು. ಒಟ್ಟು ಪಾಸಿಟಿವ್ 25, ನಿಜವಾದವು 7. ಹೀಗಾಗಿ ವರದಿ ತೆರೆಯುವ ಮೊದಲೇ, ಈ ರೋಗಿಗೆ ಟೈಫಾಯ್ಡ್ ಇರುವ ಸಾಧ್ಯತೆ ಎಷ್ಟು ಎಂಬ ಅಂದಾಜು ನಿಮ್ಮಲ್ಲಿರಬೇಕು.

ಆ ಅಂದಾಜು ಸಿಗುವುದು ರೋಗಿಯ ಬಾಯಿಂದ ಮತ್ತು ಮೈಯಿಂದ. ಇವತ್ತು ಜ್ವರದ ಎಷ್ಟನೇ ದಿನ? ಡೆಂಗಿಯ ಎನ್‌ಎಸ್‌1 ಪರೀಕ್ಷೆ (ವೈರಸ್ಸಿನ ಪ್ರೋಟೀನನ್ನು ಹುಡುಕುವುದು) ಮೊದಲ ಐದು ದಿನಗಳಲ್ಲಿ ಹೆಚ್ಚು ಉಪಯುಕ್ತ, ಆಮೇಲೆ ಐಜಿಎಂ ಪ್ರತಿಕಾಯ ನೋಡಬೇಕು. ದಿನ ಗೊತ್ತಿಲ್ಲದೆ ಯಾವ ಪರೀಕ್ಷೆ ಬರೆಯುತ್ತೀರಿ? ಏನು ಕೆಲಸ? ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಭತ್ತದ ಗದ್ದೆಯ ನೀರಿನಲ್ಲಿ ನಿಲ್ಲುವವರಾದರೆ ಇಲಿಜ್ವರದ ನೆನಪಿರಲಿ. ಹುಲ್ಲು, ಪೊದೆಗಳ ನಡುವೆ ದುಡಿಯುವವರಾದರೆ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ. ಇದರ ಸುಳಿವು ಒಂದು ಪುಟ್ಟ ಕಪ್ಪು ಹಕ್ಕಳೆ. ಚಿಗರ್ ಹುಳ ಕಚ್ಚಿದ ಆ ಜಾಗ ನೋಯುವುದಿಲ್ಲವಾದ್ದರಿಂದ ರೋಗಿ ತಾನಾಗಿ ಹೇಳುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಸೊಂಟದ ಸುತ್ತ ಹುಡುಕಬೇಕು. ಪರದೆ ಎಳೆದು, ಅನುಮತಿ ಕೇಳಿ, ಹೆಣ್ಣುಮಕ್ಕಳಾದರೆ ನರ್ಸ್ ಜೊತೆಗಿರುವಂತೆ ನೋಡಿಕೊಂಡು. ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಮೊದಲು ಬಿಟ್ಟುಹೋಗುವುದೇ ಈ ಕೆಲಸ. ಹಕ್ಕಳೆ ಎಲ್ಲರಲ್ಲೂ ಇರುವುದಿಲ್ಲ, ಸರಿ. ಆದರೆ ಇದ್ದದ್ದನ್ನು ನೋಡದೆ, ವಿಡಾಲ್ ನಂಬಿ ಟೈಫಾಯ್ಡಿಗೆ ಕೊಡುವ ಸೆಫ್‌ಟ್ರಯಾಕ್ಸೋನ್ ಹಾಕಿದರೆ ಸ್ಕ್ರಬ್ ಟೈಫಸ್ ಜಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್.

ಊರಿನಲ್ಲಿ ಸೂಜಿ, ಸಲೈನ್, ಮಾತ್ರೆ ಏನೇನು ಆಯಿತು ಎಂಬುದನ್ನೂ ಕೇಳಿ. ಆ್ಯಂಟಿಬಯಾಟಿಕ್ ಬಿದ್ದ ಮೇಲೆ ರಕ್ತದ ಕಲ್ಚರ್‌ನಲ್ಲಿ ರೋಗಾಣು ಬೆಳೆಯುವ ಸಾಧ್ಯತೆ ಕಡಿಮೆ. ಮಾತ್ರೆಯ ಹೆಸರು ಗೊತ್ತಿಲ್ಲದವರ ಬಳಿಯೂ ಮಾತ್ರೆಯ ಖಾಲಿ ಸ್ಟ್ರಿಪ್ ಇರುತ್ತದೆ, ತೋರಿಸಲು ಹೇಳಿ.

ಓದುವ ವಿಷಯ. ದಪ್ಪ ಪಠ್ಯಪುಸ್ತಕ ರೋಗದ ಹೆಸರಿನಿಂದ ಶುರುವಾಗುತ್ತದೆ. ರೋಗಿ ಬರುವುದು ‘ಚಳಿ ಜ್ವರ, ಮೈಕೈ ನೋವು’ ಎಂದು. ಆದ್ದರಿಂದ ರಾತ್ರಿ ಅಧ್ಯಾಯ ಓದುವುದಕ್ಕಿಂತ, ಹಗಲು ನೋಡಿದ ರೋಗಿಯ ಬಗ್ಗೆ ಒಂದು ಪ್ರಶ್ನೆ ಬರೆದುಕೊಂಡು ಅದಕ್ಕೆ ಉತ್ತರ ಹುಡುಕಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಟಿಸಿರುವ ಚಿಕಿತ್ಸಾ ಕಾರ್ಯಸೂಚಿಗಳು ಉಚಿತ, ಚಿಕ್ಕವು, ನಮ್ಮ ದೇಶದ ಆಸ್ಪತ್ರೆಗಳಿಗೆಂದೇ ಬರೆದವು. ಮೊದಲು ಅವನ್ನು ನೋಡಿ. ಪಬ್‌ಮೆಡ್‌ನಲ್ಲಿ ವೈದ್ಯಕೀಯ ಸಂಶೋಧನಾ ಲೇಖನ ಹುಡುಕಲು ಹಣ ಬೇಡ. ಸರ್ಕಾರಿ ಕಾಲೇಜಿನವರಾದರೆ 2025ರಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ ಸಂಶೋಧನಾ ಪತ್ರಿಕೆಗಳನ್ನು ಓದುವ ಸೌಲಭ್ಯದ ಬಗ್ಗೆ ಗ್ರಂಥಪಾಲಕರನ್ನು ವಿಚಾರಿಸಿ. ಇನ್ನೊಂದು ಮೂಲವನ್ನು ವಿದ್ಯಾರ್ಥಿಗಳು ಮರೆತೇಬಿಡುತ್ತಾರೆ: ಜಿಲ್ಲಾ ಸರ್ವೇಕ್ಷಣಾ ಘಟಕ. ಯಾವ ತಾಲ್ಲೂಕಿನಲ್ಲಿ ಯಾವ ಜ್ವರ ಹಬ್ಬಿದೆ ಎಂಬ ಮಾಹಿತಿ ಸೇರುವುದು ಅಲ್ಲಿಗೆ. ವಿದೇಶಿ ಪುಸ್ತಕಕ್ಕೆ ಅದು ಗೊತ್ತಿರುವುದು ಸಾಧ್ಯವೇ ಇಲ್ಲ.

ಇಷ್ಟೆಲ್ಲ ಆದರೂ ಕಾರಣ ಸಿಗದಿದ್ದರೆ ಕೇಸ್ ಶೀಟಿನಲ್ಲಿ ‘ಜ್ವರ, ಐದನೇ ದಿನ, ಕಾರಣ ಇನ್ನೂ ಖಚಿತವಿಲ್ಲ’ ಎಂದೇ ಬರೆಯಿರಿ. ಟೈಫಾಯ್ಡ್ ಎಂದು ಒಮ್ಮೆ ಬರೆದುಬಿಟ್ಟರೆ ಮುಂದಿನ ಪಾಳಿಯ ವೈದ್ಯರು ಬೇರೆ ಕಾರಣ ಹುಡುಕುವುದನ್ನು ನಿಲ್ಲಿಸುತ್ತಾರೆ.