ವಾಜಪೇಯಿನಾ, ಮನಮೋಹನ್ ಸಿಂಗಾ? ನಮ್ಮ ಭಾಗಕ್ಕೆ ಜಾಸ್ತಿ ಮಾಡಿದ್ದು ಯಾರು?

ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ನಮ್ಮ ಭಾಗ ಅಂದರೆ ಈಗಿನ ಕಲ್ಯಾಣ ಕರ್ನಾಟಕ. ಒಗ್ಗಾಣಿ ಮಿರ್ಚಿ ಮುಂದಿಟ್ಟುಕೊಂಡು ಕೂತರೆ ಈ ಜಗಳ ಮುಗಿಯುವುದೇ ಇಲ್ಲ, ಅಲ್ವಾ?

ನಾಯಕತ್ವದ ಲೆಕ್ಕದಲ್ಲಿ ನನ್ನ ಓಟು ವಾಜಪೇಯಿಗೆ. 1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆ, ಮರುವರ್ಷ ಪಾಕಿಸ್ತಾನಕ್ಕೆ ಲಾಹೋರ್ ಬಸ್, ಆಮೇಲೆ ಕಾರ್ಗಿಲ್ ಯುದ್ಧ. ನಡುವೆ ಒಂದೇ ಓಟಿಗೆ ಸರ್ಕಾರ ಬಿತ್ತು, ಅದೇ ವರ್ಷ ಮತ್ತೆ ಗೆದ್ದು ಬಂದರು. ಮನಮೋಹನ್ ಸಿಂಗ್ ಲೋಕಸಭೆ ಚುನಾವಣೆ ಒಮ್ಮೆಯೂ ಗೆದ್ದವರಲ್ಲ. ಆದರೂ 10 ವರ್ಷ ಪ್ರಧಾನಿ. ಮೌನಿ ಅಂತ ಆಡಿಕೊಂಡರು, ಆದರೆ 2008ರಲ್ಲಿ ಅಮೆರಿಕ ಜತೆಗಿನ ಅಣು ಒಪ್ಪಂದದ ಸಲುವಾಗಿ ಎಡಪಕ್ಷಗಳು ಬೆಂಬಲ ವಾಪಸ್ ತೆಗೆದುಕೊಂಡರೂ ಮನುಷ್ಯ ಬಗ್ಗಲಿಲ್ಲ. 2ಜಿ, ಕಲ್ಲಿದ್ದಲು ಹಗರಣ ಸುತ್ತಿಕೊಂಡಾಗ ಮಾತ್ರ ಆ ಮೌನ ದುಬಾರಿಯಾಯಿತು.

ಈಗ ನಮ್ಮ ಕಡೆಗೆ ಬರೋಣ. ವಾಜಪೇಯಿ ಹೆಸರು ಹೇಳಿದರೆ ಎಲ್ಲರೂ ಚತುಷ್ಪಥ ಹೆದ್ದಾರಿ ಅನ್ನುತ್ತಾರೆ. ಅದು ಚಿತ್ರದುರ್ಗ, ಹುಬ್ಬಳ್ಳಿ ಮೇಲೆ ಹೋಯಿತು, ನಮ್ಮ ಭಾಗ ಮುಟ್ಟಲಿಲ್ಲ. ನಮಗೆ ಸಿಕ್ಕಿದ್ದು ಹಳ್ಳಿಗಳಿಗೆ ರಸ್ತೆ ಹಾಕುವ ಗ್ರಾಮ ಸಡಕ್ ಯೋಜನೆ, 2000ದ ಡಿಸೆಂಬರ್ 25ರಂದು, ಅವರ ಹುಟ್ಟುಹಬ್ಬದ ದಿನವೇ ಶುರುವಾದದ್ದು. ಎರೆ ನೆಲದ ಊರಿನವರಿಗೆ ಅದರ ಬೆಲೆ ಗೊತ್ತು. ಮಳೆ ಬಂತೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು, ಕಾಲಿಗೆ ಎರಡೆರಡು ಕೆಜಿ ಮಣ್ಣು ಅಂಟಿಸಿಕೊಂಡು ಬಸ್ ಸ್ಟಾಪಿಗೆ ನಡೆಯುತ್ತಿದ್ದೆವು.

ಮನಮೋಹನ್ ಸಿಂಗ್ ಕಾಲದ್ದು ಜಾಬ್ ಕಾರ್ಡ್. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಕೆಲಸ ಮೊದಲು ಶುರುವಾದ ದೇಶದ 200 ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಕೂಲಿ ತಡವಾಗುತ್ತಿತ್ತು, ನಿಜ. ಕೆಲಸ ಹುಡುಕಿ ಗುಳೆ ಹೋಗುವುದು ಪೂರ್ತಿ ನಿಲ್ಲಲೂ ಇಲ್ಲ. ಆದರೂ ಬೇಸಿಗೆಯಲ್ಲಿ ಊರಲ್ಲೇ ಬದು ಹಾಕುವ ಕೆಲಸ ಕೇಳಬಹುದು ಅನ್ನುವುದೇ ಹೊಸದಾಗಿತ್ತು.

ಎಲ್ಲಕ್ಕಿಂತ ದೊಡ್ಡದು 371 ಜೆ, ಅಂದರೆ ಹಿಂದೆ ನಿಜಾಮನ ಕೈಯಲ್ಲಿದ್ದ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ. ಈ ಬೇಡಿಕೆ ವಾಜಪೇಯಿ ಸರ್ಕಾರದ ಕಾಲದಲ್ಲಿ ತಿರಸ್ಕಾರವಾಗಿತ್ತು. 2012ರಲ್ಲಿ, ಮನಮೋಹನ್ ಸಿಂಗ್ ಸರ್ಕಾರವಿದ್ದಾಗ, ಸಂವಿಧಾನದ 98ನೇ ತಿದ್ದುಪಡಿ ಪಾಸಾಯಿತು. ಈ ಭಾಗದ ಸರ್ಕಾರಿ ನೌಕರಿಯಲ್ಲಿ ಎ, ಬಿ ಗ್ರೂಪಿಗೆ 75%, ಸಿಗೆ 80%, ಡಿಗೆ 85% ನಮ್ಮವರಿಗೇ ಮೀಸಲು. ಇಲ್ಲಿನ ಕಾಲೇಜುಗಳಲ್ಲಿ 70% ಸೀಟು ಬೇರೆ. ಸ್ವಾತಂತ್ರ್ಯದ ಹೊತ್ತಿಗೆ ನಿಜಾಮನ ಆಳ್ವಿಕೆಯಲ್ಲಿರದ ಬಳ್ಳಾರಿಯೂ ಇದರೊಳಗೆ ಬಂತು. ಹಾಗಂತ ಸಿಂಗ್ ಒಬ್ಬರದೇ ಸಾಧನೆ ಅನ್ನಬೇಡಿ. ವೈಜನಾಥ ಪಾಟೀಲರ ವರ್ಷಗಟ್ಟಲೆ ಹೋರಾಟ, ದಿಲ್ಲಿಯಲ್ಲಿ ಖರ್ಗೆಯವರ ಒತ್ತಡ ಇಲ್ಲದಿದ್ದರೆ ಆ ಫೈಲ್ ಅಲ್ಲೇ ಕೂತಿರುತ್ತಿತ್ತು.

ಅದಕ್ಕೇ ನಮ್ಮ ಭಾಗದ ಮಟ್ಟಿಗೆ ನನ್ನ ತಕ್ಕಡಿ ಸಿಂಗ್ ಕಡೆ ಸ್ವಲ್ಪ ವಾಲುತ್ತದೆ. ನಮ್ಮ ಅಕ್ಕನ ಮಗಳು ಹೋದ ವರ್ಷ 371 ಜೆ ಸರ್ಟಿಫಿಕೇಟ್‌ಗೆ ಅಪ್ಪನ ಹಳೇ ಶಾಲಾ ದಾಖಲೆ ಹಿಡಿದುಕೊಂಡು ಮೂರು ಸಲ ಅಲೆದಳು. ಅಲೆದದ್ದೆಲ್ಲ ಸಡಕ್ ಯೋಜನೆಯ ರಸ್ತೆ ಮೇಲೆಯೇ, ಅದೂ ಜೂನ್ ಮಳೆಯಲ್ಲಿ, ಚಪ್ಪಲಿ ಹಾಕಿಕೊಂಡೇ.