ಕಂಪ್ಯೂಟರಿಗೆ ಇಬ್ಬರು ಲಕ್ಷ್ಮಿಯರು

ಕಳೆದ ಸಲ ಕಾಸರಗೋಡಿಗೆ ಬಂದಿದ್ದಾಗ ಪಕ್ಕದ ಮನೆಯ ದೊಡ್ಡಮ್ಮ ಒಂದು ಕಾಗದ ಹಿಡಿದುಕೊಂಡು ಬಂದರು. ಪಿಂಚಣಿ ನಿಂತಿತ್ತು. ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋಗಿ, ಬೆರಳಿಟ್ಟು ಮಸ್ಟರಿಂಗ್, ಅಂದರೆ ಬದುಕಿದ್ದೇನೆಂದು ತೋರಿಸುವ ದಾಖಲೆ ಕೂಡ ಮಾಡಿಸಿದ್ದರು. ಕಾಗದದಲ್ಲಿದ್ದದ್ದು ಮಲಯಾಳದ ಎರಡು ಸಾಲು: ಹೆಸರು ಹೊಂದುತ್ತಿಲ್ಲ. "ಎಂತದು ಮಗಾ ಇದು? ನಾನು ನಾನಲ್ವಾ?" ಎಂದು ಕೇಳಿದರು.

ದಾಖಲೆ ಹೊಂದಿಸುವ ಸಾಫ್ಟ್‌ವೇರ್ ಬರೆಯುವುದೇ ನನ್ನ ಹೊಟ್ಟೆಪಾಡು. ಉತ್ತರ ಗೊತ್ತಿತ್ತು. ಹೇಳಲು ಸ್ವಲ್ಪ ನಾಚಿಕೆಯಾಯಿತು.

ಅವರ ಹೆಸರು ಲಕ್ಷ್ಮಿ ಎಂದುಕೊಳ್ಳಿ. ಒಂದು ಕಾರ್ಡಿನಲ್ಲಿ ಇಂಗ್ಲಿಷಿನ 'ಕೆಎಸ್‌ಎಚ್' ಹಾಕಿದ ಲಕ್ಷ್ಮಿ, ಇನ್ನೊಂದರಲ್ಲಿ 'ಎಕ್ಸ್' ಹಾಕಿದ ಲಕ್ಷ್ಮಿ. ಒಂದು ಹೆಸರನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಬದಲಿಸಬೇಕು, ಎಷ್ಟು ಅಳಿಸಬೇಕು ಎಂದು ಯಂತ್ರ ಎಣಿಸುತ್ತದೆ. ಇಲ್ಲಿ ಇಂಗ್ಲಿಷಿನ 7 ಅಕ್ಷರಗಳಲ್ಲಿ 3. ಅಂದರೆ ಹೋಲಿಕೆ ಸುಮಾರು ಶೇ 57. ಇದೇ ಲೆಕ್ಕದಲ್ಲಿ ಕಮಲಾ ಮತ್ತು ವಿಮಲಾ ನಡುವಿನ ಹೋಲಿಕೆ ಶೇ 67! ಕಮಲಾ, ವಿಮಲಾ ಒಬ್ಬರೇ ಎನ್ನಲು ಯಂತ್ರ ಹೆಚ್ಚು ಸಿದ್ಧ. ಇಬ್ಬರು ಲಕ್ಷ್ಮಿಯರನ್ನು ಒಪ್ಪುವುದಿಲ್ಲ.

ನಮ್ಮ ಗಡಿಯಲ್ಲಿ ಈ ಕಷ್ಟ ಜಾಸ್ತಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಕಂಪ್ಯೂಟರಿನಲ್ಲಿ ಇಂಗ್ಲಿಷ್. ಒಂದು ಹೆಸರು ಇಷ್ಟು ಮನೆ ಸುತ್ತಿ ಬರುವಾಗ ಬಟ್ಟೆ ಬದಲಾಗದೆ ಇರುತ್ತದೆಯೇ? ಕುಂಞಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತ 'ಎಚ್' ಹಾಕಿ ಬರೆಯುತ್ತಾನೆ, ಇನ್ನೊಬ್ಬ 'ಜೆ' ಹಾಕುತ್ತಾನೆ. ಐದೇ ಅಕ್ಷರದ ಹೆಸರು. ಒಂದು ತಪ್ಪಿದರೆ ಹೋಲಿಕೆ ಶೇ 80ಕ್ಕೆ ಇಳಿಯಿತು. ಶೇ 85ಕ್ಕಿಂತ ಕಡಿಮೆಯಿದ್ದರೆ ತಳ್ಳಿಹಾಕು ಎಂಬ ಗೆರೆಯನ್ನು ಎಲ್ಲೋ ಕೂತ ನನ್ನಂಥವನೊಬ್ಬ ಎಳೆದಿರುತ್ತಾನೆ. ಆ ಗೆರೆಯ ಬಗ್ಗೆ ಯಾವ ಕೌನ್ಸಿಲರೂ ಚರ್ಚಿಸಿದ್ದನ್ನು ನಾನು ನೋಡಿಲ್ಲ.

ಇದು ಎಐ ಕೂಡ ಅಲ್ಲ, ಬರೀ ಎಣಿಕೆ. ಎಐ ಬಂದರೆ ಈ ಎಣಿಕೆಯೂ ಕಣ್ಣಿಗೆ ಕಾಣುವುದಿಲ್ಲ.

ಬೇರೆ ಊರುಗಳು ಇದಕ್ಕೆ ಬೆಲೆ ತೆತ್ತಿವೆ. ನೆದರ್‌ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ಪೋಷಕರಿಗೆ ಮೋಸಗಾರರೆಂಬ ಹಣೆಪಟ್ಟಿ ಬಿತ್ತು. ಯಾರ ಮೇಲೆ ಅನುಮಾನ ಎಂದು ಅಂಕ ಕೊಡುತ್ತಿದ್ದದ್ದರಲ್ಲಿ ಒಂದು ಸಾಫ್ಟ್‌ವೇರ್ ಕೂಡ ಇತ್ತು. 2021ರ ಜನವರಿಯಲ್ಲಿ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಅದೇ ದೇಶದ ಆಮ್‌ಸ್ಟರ್‌ಡ್ಯಾಮ್ ನಗರ, ಜೊತೆಗೆ ಫಿನ್‌ಲ್ಯಾಂಡಿನ ಹೆಲ್ಸಿಂಕಿ, 2020ರಲ್ಲೇ ತಾವು ಬಳಸುವ ಎಐಗಳ ಪಟ್ಟಿಯನ್ನು ಜನರ ಮುಂದಿಟ್ಟಿದ್ದವು. ಯಾವ ಕೆಲಸಕ್ಕೆ, ಯಾವ ಮಾಹಿತಿ ಬಳಸಿ, ಯಾರ ಹೊಣೆಯಲ್ಲಿ ಎಂದು ಅದರಲ್ಲಿ ಬರೆದಿರುತ್ತದೆ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಪ್ಪು ಮಾಹಿತಿ ತಿದ್ದಿಸುವ ಹಕ್ಕು ಇದೆ. ಆದರೆ ಯಂತ್ರ ಯಾಕೆ ಹಾಗೆ ತೀರ್ಮಾನಿಸಿತು ಎಂದು ಕೇಳುವ ಹಕ್ಕು ಅದರಲ್ಲಿಲ್ಲ. ಅಲ್ಲಿ ನನಗೆ ಹಳೆಯ ಕಾನೂನುಗಳೇ ಹೆಚ್ಚು ಇಷ್ಟ. ಆಡಳಿತದ ತೀರ್ಮಾನದಿಂದ ತೊಂದರೆಗೊಳಗಾದವರಿಗೆ ಕಾರಣ ತಿಳಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಕನ್ನಡಿಗರು ಕನ್ನಡದಲ್ಲೇ ಕಚೇರಿಗೆ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಎರಡನ್ನೂ ಸೇರಿಸಿ ಓದಿದರೆ ದೊಡ್ಡಮ್ಮನಿಗೆ ಬೇಕಾದದ್ದು ಸಿಕ್ಕಿತು: ಕಾರಣ, ಅದೂ ಕನ್ನಡದಲ್ಲಿ.

ಹಾಗೆಯೇ ಒಂದು ಅರ್ಜಿ ಬರೆದುಕೊಟ್ಟೆವು. ಒಬ್ಬ ಮನುಷ್ಯ ಎರಡು ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ಐದು ನಿಮಿಷದ ಕೆಲಸ. ಅಷ್ಟರೊಳಗೆ ನಾಲ್ಕು ತಿಂಗಳು ಕಳೆದಿತ್ತು.

ಆಮೇಲೆ ಒಂದು ಸ್ಥಳೀಯ ಸಂಸ್ಥೆಯವರು ಸಾಫ್ಟ್‌ವೇರ್ ಟೆಂಡರಿಗೆ ಸಲಹೆ ಕೇಳಿದರು. ಮೂರು ಸಾಲು ಬರೆದುಕೊಟ್ಟೆ. ಹೋಲಿಕೆಯ ಗೆರೆ ಎಷ್ಟೆಂದು ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ಇಲ್ಲಿನ ಹೆಸರುಗಳ ಮೇಲೆ ಮೊದಲು ಪರೀಕ್ಷೆ ನಡೆಸಬೇಕು. ಮನುಷ್ಯ ನೋಡಿ ಸಹಿ ಹಾಕುವ ತನಕ ಯಾರ ಹಣವೂ ನಿಲ್ಲಬಾರದು. ಮೊದಲ ಎರಡನ್ನು ಒಪ್ಪಿದರು. ಮೂರನೆಯದಕ್ಕೆ ಸಿಬ್ಬಂದಿ ಸಾಲದು ಎಂದು ಗೀಟು ಹಾಕಿದರು. ಮುಂದಿನ ಟೆಂಡರಿಗೆ ಅದನ್ನೇ ಮೊದಲ ಸಾಲು ಮಾಡಿ ಕಳಿಸಿದ್ದೇನೆ.