ಪೊಮ್‌ಫ್ರೆಟ್ 1742: ಕಾದಂಬರಿಕಾರರು ತಪ್ಪುವ ಒಂದು ತಿಂಗಳು

ವಸಾಹತು ಕಾಲದ ಅಮೆರಿಕವನ್ನು ಕಾದಂಬರಿಗೆ ತರುವವರು ಗರ್ಭಪಾತದ ಸಾವನ್ನು ಒಂದೇ ರಾತ್ರಿಯಲ್ಲಿ ಮುಗಿಸಿಬಿಡುತ್ತಾರೆ. ಹುಡುಗಿ ಕಷಾಯ ಕುಡಿಯುತ್ತಾಳೆ, ಬೆಳಗಾಗುವಷ್ಟರಲ್ಲಿ ಹೆಣ, ಹೊಸ್ತಿಲಲ್ಲಿ ಪತ್ತೇದಾರ. ಇದರಿಂದ ವೈದ್ಯಕೀಯವೂ ಕೆಡುತ್ತದೆ, ಕಥೆಯೂ ಕೆಡುತ್ತದೆ.

ನಿಜವಾಗಿ ನಡೆದ ಒಂದು ಪ್ರಕರಣ ನೋಡಿ. 1742ರಲ್ಲಿ ಕನೆಕ್ಟಿಕಟ್ ವಸಾಹತಿನ ಪೊಮ್‌ಫ್ರೆಟ್ ಎಂಬ ಊರಿನಲ್ಲಿದ್ದ ಸಾರಾ ಗ್ರೋವ್ನರ್‌ಗೆ 19 ವರ್ಷ. ಬಸುರಿಗೆ ಕಾರಣನಾದ ಅದೇ ಊರಿನ ಅಮಾಸಾ ಸೆಷನ್ಸ್‌ಗೆ 27. ಅವನು ಒತ್ತಾಯಿಸಿ ಪುಡಿ ತಿನ್ನಿಸಿದ. ಬಸುರಿಳಿಸುವ ಆ ಮದ್ದಿಗೆ ಜನರ ಬಾಯಲ್ಲಿದ್ದ ಗುಟ್ಟಿನ ಹೆಸರು 'ಟ್ರೇಡ್', ಸರಕು ಅಂದ ಹಾಗೆ. ಸಂಭಾಷಣೆಯಲ್ಲಿ ಈ ಒಂದು ಮಾತು ಸಾಕು, 'ಗರ್ಭಪಾತ' ಎಂದು ಯಾರೂ ಬಾಯಿಬಿಡಬೇಕಿಲ್ಲ.

ಪುಡಿ ಫಲಿಸಲಿಲ್ಲ. ಆಗಸ್ಟ್ ಮೊದಲಲ್ಲಿ ಜಾನ್ ಹ್ಯಾಲೊವೆಲ್ ಎಂಬ ವೈದ್ಯ ಉಪಕರಣ ಹಾಕಿದ. ಎರಡು ದಿನದ ಮೇಲೆ ಗರ್ಭ ಬಿತ್ತು. ಅಕ್ಕ ಜೆರುವಾಯಾ ಮತ್ತು ದಾಯಾದಿ ಹುಡುಗಿ ಹನ್ನಾ ಅದನ್ನು ಬಟ್ಟೆಯಲ್ಲಿ ಸುತ್ತಿ, ಕಾಡಿನಲ್ಲಿ ಹೂತು ಬಂದರು. ಆಮೇಲೆ ಸಾರಾ ವಾರಕ್ಕೂ ಮಿಕ್ಕಿ ಚೆನ್ನಾಗಿಯೇ ಓಡಾಡಿಕೊಂಡಿದ್ದಳು! ಕಾದಂಬರಿಕಾರ ಕೈಬಿಡಬಾರದ ದಿನಗಳು ಇವೇ: ಗಂಡಾಂತರ ಕಳೆಯಿತು ಎಂದು ಮನೆಯವರು ಉಸಿರುಬಿಟ್ಟ ದಿನಗಳು. ಬಳಿಕ ಜ್ವರ ಏರಿತು, ಸೆಳೆತ ಬಂತು. ಸೆಪ್ಟೆಂಬರ್ 14ರಂದು ಅವಳು ತೀರಿಕೊಂಡಳು.

ಈ ತಡಕ್ಕೆ ಕಾರಣವಿದೆ. ಒಳಗೆ ಹೋದ ಉಪಕರಣದ ಜೊತೆ ಸೂಕ್ಷ್ಮಾಣು ಹೋಗುತ್ತದೆ. ಗರ್ಭಕೋಶದಲ್ಲಿ ಚೂರು ಉಳಿದರೆ ಅಲ್ಲೇ ಬೆಳೆದು, ನಂಜು ರಕ್ತಕ್ಕಿಳಿಯುತ್ತದೆ. ನಮ್ಮ ಹಿರಿಯರು 'ಬಾಣಂತಿ ಸನ್ನಿ' ಎಂದು ಹೆದರುತ್ತಿದ್ದುದು ಇಂಥ ಜ್ವರಕ್ಕೇ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್ವೈಸ್ ಎಂಬ ವೈದ್ಯ ಈ ಜ್ವರ ತಡೆಯಲು ಉಳಿದ ವೈದ್ಯರಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ್ದೇ 1847ರಲ್ಲಿ. ಹಾಗಾಗಿ ನಿಮ್ಮ 1742ರ ಸೂಲಗಿತ್ತಿ ಉಪಕರಣವನ್ನು ಕುದಿಸಿ ಶುದ್ಧ ಮಾಡುವಂತಿಲ್ಲ.

ಇನ್ನು ಕಾನೂನು. ಆ ಕಾಲದ ಇಂಗ್ಲಿಷ್ 'ಕಾಮನ್ ಲಾ'ದಲ್ಲಿ, ಅಂದರೆ ಲಿಖಿತ ಕಾಯ್ದೆಯಿಲ್ಲದೆ ರೂಢಿ ಮತ್ತು ತೀರ್ಪುಗಳಿಂದ ಬೆಳೆದ ಕಾನೂನಿನಲ್ಲಿ, ಗೆರೆ ಬೀಳುತ್ತಿದ್ದುದು ಹೊಟ್ಟೆಯಲ್ಲಿ ಕೂಸು ಮಿಸುಕಿದಾಗ, ಅಂದರೆ ಸುಮಾರು ನಾಲ್ಕು-ಐದನೇ ತಿಂಗಳಲ್ಲಿ. ಅದಕ್ಕೆ ಮುಂಚೆ ಬಸುರಿಳಿಸುವುದು ಅಪರಾಧವಲ್ಲ. ಮಿಸುಕಿತೋ ಇಲ್ಲವೋ ಎಂಬುದಕ್ಕೆ ತಾಯಿಯ ಮಾತೇ ಸಾಕ್ಷಿ, ಅವಳು ಸತ್ತರೆ ಆ ಸಾಕ್ಷಿಯೂ ಸತ್ತಂತೆ. ಕನೆಕ್ಟಿಕಟ್ ಗರ್ಭಪಾತದ ಬಗ್ಗೆ ಲಿಖಿತ ಕಾಯ್ದೆ ಮಾಡಿದ್ದು 1821ರಲ್ಲಿ, ಅಮೆರಿಕದಲ್ಲೇ ಮೊದಲು. ಪತ್ತೇದಾರನಂತೂ ಇರಲೇ ಇಲ್ಲ. ಊರಿನ ಮ್ಯಾಜಿಸ್ಟ್ರೇಟರು ಹೇಳಿಕೆ ಬರೆದುಕೊಳ್ಳುತ್ತಿದ್ದರು, ಅದೂ ಇಲ್ಲಿ ಸಾವಾಗಿ ಮೂರು ವರ್ಷದ ಮೇಲೆ, 1745ರಲ್ಲಿ. ಊರಿಡೀ ಪಿಸುಗುಟ್ಟಿದ್ದನ್ನು ಅಷ್ಟು ಕಾಲ ಯಾರೂ ದಾಖಲೆಗೆ ತಂದಿರಲಿಲ್ಲ.

1747ರ ಮಾರ್ಚ್‌ನಲ್ಲಿ ಹ್ಯಾಲೊವೆಲ್ ತಪ್ಪಿತಸ್ಥನಾದ, ಕೊಲೆಗಲ್ಲ, ಘೋರ ದುರ್ನಡತೆಗೆ. ಕೊರಳಿಗೆ ಹಗ್ಗ ಹಾಕಿಕೊಂಡು ಗಲ್ಲುಮರದಡಿ ಎರಡು ಗಂಟೆ ನಿಲ್ಲಬೇಕು, 29 ಛಡಿ ಏಟು ತಿನ್ನಬೇಕು. ಅವನು ರೋಡ್ ಐಲ್ಯಾಂಡ್‌ಗೆ ಓಡಿಹೋದ. ಸೆಷನ್ಸ್‌ಗೆ ಶಿಕ್ಷೆಯೇ ಆಗಲಿಲ್ಲ. ತಾರೀಖು ಬಳಸುವಾಗ ಎಚ್ಚರವಿರಲಿ: 1752ರವರೆಗೆ ಆ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರು, ಆದ್ದರಿಂದ ಅದಕ್ಕೆ ಮುಂಚಿನ ಮಾರ್ಚ್ ದಿನಗಳನ್ನು '1746/7' ಎಂದು ಬರೆಯುವ ರೂಢಿಯಿತ್ತು. ಇದು ಗೊತ್ತಿಲ್ಲದಿದ್ದರೆ ತೀರ್ಪು ಒಂದು ವರ್ಷ ಹಿಂದೆ ಸರಿಯುತ್ತದೆ.

ಕಥೆಯನ್ನು ಯಾರ ಕಣ್ಣಿಂದ ಹೇಳಬೇಕು ಎಂದರೆ ನನ್ನ ಆಯ್ಕೆ ಜೆರುವಾಯಾ. ಸಾರಾಳ ಸ್ವಂತ ಹೇಳಿಕೆ ಒಂದೂ ಇಲ್ಲ. ಅವಳು ಆಡಿದ್ದೆಲ್ಲ ಅಕ್ಕ, ಗೆಳತಿಯರ ಬಾಯಲ್ಲಿ ಉಳಿದದ್ದು. ತಂಗಿಯ ಹಾಸಿಗೆಯ ಪಕ್ಕದಲ್ಲಿದ್ದವಳು ಆ ಅಕ್ಕ, ಕಾಡಿಗೆ ಗಂಟು ಹೊತ್ತವಳು ಅವಳು, ಮೂರು ವರ್ಷ ಬಾಯಿ ಬಿಗಿಹಿಡಿದು ಕೊನೆಗೆ ಮ್ಯಾಜಿಸ್ಟ್ರೇಟರೆದುರು ನಿಂತು ಅದನ್ನೆಲ್ಲ ಹೇಳಿದವಳೂ ಅವಳೇ.